ನಾಲ್ಕು ಕಂಪ್ಯೂಟರ್, ಒಂದೇ ಫೈಲ್: ಡೊಂಬಿವಲಿಯ ವಾಚನಾಲಯದಲ್ಲಿ ಗೀಕ್ಸ್

ಡೊಂಬಿವಲಿ ಪೂರ್ವದಲ್ಲಿ ನಮ್ಮ ಕನ್ನಡ ಸಂಘದ ವಾಚನಾಲಯ ಇರುವುದು ಎರಡನೇ ಮಹಡಿಯಲ್ಲಿ. ಒಂದೇ ಕೋಣೆ. ಎರಡು ಗೋಡೆಗೆ ಪುಸ್ತಕದ ಕಪಾಟು, ನಡುವೆ ಉದ್ದದ ಮೇಜು, ಕಿಟಕಿ ಪಕ್ಕ ಅಕ್ಕನ ಕುರ್ಚಿ. ಅಕ್ಕ ಅಂದರೆ ಲೈಬ್ರರಿ ನೋಡಿಕೊಳ್ಳುವವರು. ಕಾರ್ಕಳ ಕಡೆಯವರು. ಮುಂಬೈಗೆ ಬಂದು ಮೂವತ್ತು ವರ್ಷ ಆದರೂ ಊರಿನ ಮಾತು ಬಿಟ್ಟಿಲ್ಲ. ಭಾನುವಾರ ಬೆಳಿಗ್ಗೆ ಅದೇ ಕೋಣೆಯಲ್ಲಿ ಮಕ್ಕಳಿಗೆ ಕನ್ನಡ ಕ್ಲಾಸು ನಡೆಯುತ್ತದೆ. ಇಂಗ್ಲಿಷ್ ಮೀಡಿಯಂ, ಮರಾಠಿ ಮೀಡಿಯಂ ಮಕ್ಕಳು. ಮನೆಯಲ್ಲಿ ತುಳುವೋ ಕನ್ನಡವೋ ಮಾತಾಡುತ್ತಾರೆ, ಓದೋಕೆ ಬರುವುದಿಲ್ಲ.

2024ರ ಜೂನ್‌ನಲ್ಲಿ ಸಂಘದ ಸದಸ್ಯರೊಬ್ಬರ ಆಫೀಸಿನಿಂದ ನಾಲ್ಕು ಹಳೆಯ ಡೆಸ್ಕ್‌ಟಾಪ್ ದಾನವಾಗಿ ಬಂದವು. ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್. ಹಾರ್ಡ್‌ಡಿಸ್ಕ್ ತೆಗೆದಿದ್ದರು. ಸಂಘದ ದುಡ್ಡಲ್ಲಿ 120 ಜಿಬಿಯ ಎಸ್‌ಎಸ್‌ಡಿ ಹಾಕಿಸಿದೆವು. ಒಳಗೆ ಏನು ತುಂಬಿಸಬೇಕು ಎಂಬ ನಿರ್ಧಾರ ನನಗೆ ಬಿಟ್ಟರು. ಯಾಕೆಂದರೆ ಕಂಪ್ಯೂಟರ್ ಗೊತ್ತಿರುವವನು ನಾನೊಬ್ಬನೇ ಎಂದು ಎಲ್ಲರೂ ನಂಬಿದ್ದರು. ಮುಂದೆ ಬಂದ ಗೋಳಿಗೆಲ್ಲ ಈ ಸಾಲೇ ಮೂಲ.

ನಾನು ಆರಿಸಿದ್ದು ಗೀಕ್ಸ್. ಮುಕ್ತ ತಂತ್ರಾಂಶದ ಗ್ನು ಯೋಜನೆಯ ಲಿನಕ್ಸ್ ಹಂಚಿಕೆ ಅದು, ಅಂದರೆ ವಿಂಡೋಸ್ ಜಾಗದಲ್ಲಿ ಹಾಕುವ ಆಪರೇಟಿಂಗ್ ಸಿಸ್ಟಂ. ಸ್ಪೆಲಿಂಗ್ ನೋಡಿದರೆ ಗುಯಿಕ್ಸ್ ಅನ್ನಬೇಕು ಅನಿಸುತ್ತದೆ, ಆದರೆ ಅದನ್ನು ಮಾಡುವವರು ಗೀಕ್ಸ್ ಅನ್ನುತ್ತಾರೆ. 2012ರಲ್ಲಿ ಲುಡೋವಿಕ್ ಕೂರ್ಟೆಸ್ ಶುರು ಮಾಡಿದ್ದು. 1.0 ಬಂದಿದ್ದು 2019ರ ಮೇ ತಿಂಗಳಲ್ಲಿ. ಮೂಲ ವಿಚಾರ ನಿಕ್ಸ್‌ನಿಂದ ಬಂದದ್ದು. ನಿಕ್ಸ್ ಎಂಬುದು ತಂತ್ರಾಂಶ ಹಾಕಿ ತೆಗೆಯುವ ಸಾಧನ, ಎಲ್ಕೊ ಡೋಲ್ಸ್ಟ್ರಾ 2006ರಲ್ಲಿ ಮುಗಿಸಿದ ಪಿಎಚ್‌ಡಿಯ ವಿಷಯ.

ಮಾಮೂಲಿ ಲಿನಕ್ಸ್‌ನಲ್ಲಿ ನಾವು ಒಂದೊಂದೇ ಅಪ್ಪಣೆ ಕೊಡುತ್ತಾ ಹೋಗುತ್ತೇವೆ. ಇದನ್ನು ಹಾಕು, ಅದನ್ನು ತೆಗೆ, ಆ ಫೈಲಿನಲ್ಲಿ ಈ ಸಾಲು ತಿದ್ದು. ಆರು ತಿಂಗಳಾದ ಮೇಲೆ ಏನೇನು ಮಾಡಿದ್ದೆವು ಎಂದು ನಮಗೇ ನೆನಪಿರುವುದಿಲ್ಲ. ಗೀಕ್ಸ್‌ನಲ್ಲಿ ಹಾಗಲ್ಲ. ಮದುವೆಗೆ ಅಡುಗೆ ಭಟ್ಟರು ಚೀಟಿ ಬರೆಯುತ್ತಾರಲ್ಲ, ಇಷ್ಟು ಜನಕ್ಕೆ ಇಂತಿಂಥದ್ದು ಅಂತ, ಹಾಗೆ ಒಂದು ಫೈಲಿನಲ್ಲಿ ಈ ಕಂಪ್ಯೂಟರ್ ಹೇಗಿರಬೇಕು ಎಂದು ಪೂರ್ತಿ ಬರೆದಿಡುವುದು. ಯಾವ ಡೆಸ್ಕ್‌ಟಾಪ್, ಯಾವ ಫಾಂಟ್, ಯಾರ‍್ಯಾರು ಬಳಕೆದಾರರು, ಟೈಮ್‌ಜೋನ್ ಯಾವುದು, ಎಲ್ಲ. ಆಮೇಲೆ ಒಂದೇ ಆಜ್ಞೆ: ರೀಕಾನ್ಫಿಗರ್. ಕಂಪ್ಯೂಟರ್ ಆ ಚೀಟಿಯ ಪ್ರಕಾರ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಹಳೆಯ ಅವತಾರವನ್ನೂ ಎಸೆಯುವುದಿಲ್ಲ. ಬೇಕಾದರೆ ವಾಪಸ್ ಹೋಗಬಹುದು. ನಾಲ್ಕೂ ಕಂಪ್ಯೂಟರ್‌ಗೆ ಒಂದೇ ಫೈಲ್ ಸಾಕು. ಒಬ್ಬನೇ ನೋಡಿಕೊಳ್ಳುವವನಿಗೆ ಇದಕ್ಕಿಂತ ಏನು ಬೇಕು?

ಎರಡನೇ ಕಾರಣ, ಇದರಲ್ಲಿ ಬರುವುದೆಲ್ಲ ಮುಕ್ತ ತಂತ್ರಾಂಶ. ಬರೀ ಪುಕ್ಕಟೆ ಅಲ್ಲ. ಸೋರ್ಸ್‌ಕೋಡ್ ಓದಬಹುದು, ತಿದ್ದಬಹುದು, ಹಂಚಬಹುದು. ಈ ವಿಷಯದಲ್ಲಿ ಗೀಕ್ಸ್‌ನವರು ಮಡಿ ಜನ. ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು. ಫರ್ಮ್‌ವೇರ್ ಅಂದರೆ ವೈಫೈ ಕಾರ್ಡಿನಂಥ ಬಿಡಿಭಾಗದ ಒಳಗೆ ಓಡುವ ಸಣ್ಣ ಪ್ರೋಗ್ರಾಮ್. ಸಾಮಾನ್ಯ ಲಿನಕ್ಸ್ ಕರ್ನಲ್‌ನಲ್ಲಿ ಅಲ್ಲಲ್ಲಿ ಮುಚ್ಚಿದ ಫರ್ಮ್‌ವೇರ್‌ನ ತುಂಡುಗಳು, ಅವನ್ನು ಕರೆದು ತರುವ ಸಾಲುಗಳು ಇರುತ್ತವೆ. ಗೀಕ್ಸ್ ಬಳಸುವುದು ಅವನ್ನೆಲ್ಲ ಕಿತ್ತು ಹಾಕಿದ ಲಿನಕ್ಸ್-ಲಿಬ್ರೆಯನ್ನು. ನಿಕ್ಸ್ ಮೇಲೆ ಕಟ್ಟಿದ ನಿಕ್ಸ್ಓಎಸ್ ಕೂಡ ಚೀಟಿ ಬರೆಯುವ ಪದ್ಧತಿಯದ್ದೇ, ಆದರೆ ಅದರಲ್ಲಿ ಒಂದು ಸಾಲು ಬರೆದರೆ ಮುಚ್ಚಿದ ತಂತ್ರಾಂಶಕ್ಕೂ ಬಾಗಿಲು ತೆರೆಯುತ್ತದೆ. ಡೆಬಿಯನ್ ಎಂಬ ಹೆಸರಾಂತ ಲಿನಕ್ಸ್ ಹಂಚಿಕೆ ಕೂಡ 2022ರಲ್ಲಿ ಮತ ಹಾಕಿ, 2023ರ ಡೆಬಿಯನ್ 12ರಿಂದ ಮುಚ್ಚಿದ ಫರ್ಮ್‌ವೇರ್ ಅನ್ನು ಇನ್‌ಸ್ಟಾಲರ್ ಜೊತೆಗೇ ಕೊಡತೊಡಗಿತು. ಗೀಕ್ಸ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ದಾನದ ಕಂಪ್ಯೂಟರ್, ಸಾರ್ವಜನಿಕ ವಾಚನಾಲಯ, ಮಕ್ಕಳು ಕಲಿಯುವ ಜಾಗ. ಎಲ್ಲ ತೆರೆದೇ ಇರಲಿ ಅಂತ ನನ್ನ ಆಸೆ. ಸ್ವಲ್ಪ ಹಮ್ಮೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮೊದಲ ಶನಿವಾರ ಪೆನ್‌ಡ್ರೈವ್ ಹಾಕಿ ಕೂತೆ. ಅದರಲ್ಲಿದ್ದದ್ದು 1.4.0, ಅಂದರೆ 2022ರ ಡಿಸೆಂಬರ್‌ನ ಬಿಡುಗಡೆ. ಈ ಇನ್‌ಸ್ಟಾಲರ್ ಒಳ್ಳೆಯದು, ಶುರುವಿನಲ್ಲೇ ಎಚ್ಚರಿಸಿತು: ನಿಮ್ಮ ವೈಫೈ ಕಾರ್ಡಿಗೆ ಮುಕ್ತ ಚಾಲಕ (ಕಾರ್ಡನ್ನು ನಡೆಸುವ ಪ್ರೋಗ್ರಾಮ್) ಇಲ್ಲ. ನಾನು ಓದಿದೆ, ಮುಂದೆ ಒತ್ತಿದೆ. ನನ್ನ ಮನೆಯ ಡೆಸ್ಕ್‌ಟಾಪ್ ಕೇಬಲ್‌ನಲ್ಲಿ ನಡೆಯುತ್ತದೆ, ಇಲ್ಲೂ ಹೇಗೋ ಆದೀತು ಅಂದುಕೊಂಡೆ. ಆದರೆ ರೌಟರ್ ಇದ್ದದ್ದು ಕೆಳಗಿನ ಮಹಡಿಯ ಆಫೀಸಿನಲ್ಲಿ. ಗೋಡೆ ಕೊರೆಯೋಕೆ ಕಟ್ಟಡದ ಮಾಲೀಕರು ಬಿಡುವುದಿಲ್ಲ.

ಅಕ್ಕ ಹಿಂದೆ ಬಂದು ನಿಂತರು.

"ಇದೆಂತ ಮಾರಾಯ, ನನ್ನ ಮೊಬೈಲಲ್ಲಿ ವೈಫೈ ಫುಲ್ ಉಂಟು, ಇದರಲ್ಲಿ ಕಾಣುದೇ ಇಲ್ಲ?"

ಕರ್ನಲ್‌ನ ಲಾಗ್ ತೆರೆದು ತೋರಿಸಿದೆ. ಅಲ್ಲಿ ಕಾರ್ಡಿನ ಹೆಸರು ಇತ್ತು. ಫರ್ಮ್‌ವೇರ್‌ನ ಹೆಸರು ಇರಬೇಕಾದ ಜಾಗದಲ್ಲಿ ದೊಡ್ಡ ಅಕ್ಷರದಲ್ಲಿ ಒಂದೇ ಪದ: ಡಿಬ್ಲಾಬ್ಡ್. ಫೈಲ್ ಸಿಗಲಿಲ್ಲ ಅಂತಲ್ಲ, ಯಾವ ಫೈಲ್ ಬೇಕು ಎಂಬುದನ್ನೇ ಅಳಿಸಿದ್ದಾರೆ. ಮುಚ್ಚಿದ್ದನ್ನು ಹಾಕಿಕೊಳ್ಳಿ ಎಂದು ಯಾರಿಗೂ ದಾರಿ ತೋರಿಸಬಾರದು, ಅದು ಅವರ ನಿಯಮ. ಇದನ್ನು ಅಕ್ಕನಿಗೆ ವಿವರಿಸಲು ಹತ್ತು ನಿಮಿಷ ತೆಗೆದುಕೊಂಡೆ. ಎಲ್ಲ ಕೇಳಿ ಅಕ್ಕ ಅಂದರು, "ಹಾಗಾದ್ರೆ ವೈಫೈ ಇಲ್ಲ ಅಂತ ಆಯ್ತಲ್ಲ."

ಮುಕ್ತ ಫರ್ಮ್‌ವೇರ್ ಇರುವ ವೈಫೈ ಚಿಪ್‌ಗಳೂ ಇವೆ. ಯುಎಸ್‌ಬಿಯಲ್ಲಿ ಹೆಸರು ಮಾಡಿದ್ದು ಎಆರ್ 9271. ಅದರ ಫರ್ಮ್‌ವೇರ್‌ನ ಸೋರ್ಸ್ 2013ರಲ್ಲಿ ತೆರೆದರು. ಒಂದು ಹೆಸರಾಂತ ಕಂಪನಿಯ ಸಣ್ಣ ಡಾಂಗಲ್‌ನಲ್ಲಿ ಆ ಚಿಪ್ ಇದೆ ಎಂದು ನನಗೆ ಗೊತ್ತಿತ್ತು. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಅದಕ್ಕೇ ಸೋಮವಾರ ರಜೆ ಹಾಕಿ ಲೋಕಲ್ ಹಿಡಿದೆ. ದಾದರ್‌ನಲ್ಲಿ ಬದಲಿಸಿ ಗ್ರಾಂಟ್ ರೋಡ್, ಅಲ್ಲಿಂದ ಮಳೆಯಲ್ಲೇ ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡ್. ಮೂರನೇ ಅಂಗಡಿಯಲ್ಲಿ ಸಿಕ್ಕಿತು. ಅದೇ ಡಬ್ಬಿ, ಅದೇ ಮಾಡೆಲ್ ನಂಬರ್, ಅದೇ ಉದ್ದ ಆಂಟೆನಾ. "ಲಿನಕ್ಸ್‌ನಲ್ಲಿ ಓಡುತ್ತೆ, ಗ್ಯಾರಂಟಿ" ಎಂದು ಅಂಗಡಿಯವನು ಹಿಂದಿಯಲ್ಲಿ ಹೇಳಿದ. ನಾಲ್ಕು ತಗೊಂಡೆ.

ವಾಪಸ್ ಬರುವಾಗ ರೈಲಿನಲ್ಲಿ ಡಬ್ಬಿ ತಿರುಗಿಸಿ ನೋಡಿದೆ. ಬಾರ್‌ಕೋಡ್ ಪಕ್ಕ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಆವೃತ್ತಿ 3 ಅಂತ ಇತ್ತು. ಎಆರ್ 9271 ಇದ್ದದ್ದು ಮೊದಲ ಆವೃತ್ತಿಯಲ್ಲಿ ಮಾತ್ರ. ಎರಡನೆಯದರಿಂದ ಒಳಗಿನ ಚಿಪ್ಪೇ ಬೇರೆ, ಬೇರೆ ಕಂಪನಿಯದು, ಫರ್ಮ್‌ವೇರ್ ಮುಚ್ಚಿದ್ದು. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಲಿನಕ್ಸ್‌ನಲ್ಲಿ ಅದು ಓಡುತ್ತದೆ. ನನ್ನ ಲಿನಕ್ಸ್‌ನಲ್ಲಿ ಓಡುವುದಿಲ್ಲ, ಅಷ್ಟೇ. ಯಂತ್ರ ಕೊಳ್ಳುವ ಮೊದಲು ಎಚ್-ನೋಡ್ ಎಂಬ ಪಟ್ಟಿಯಲ್ಲಿ ಚಿಪ್‌ನ ಹೆಸರು ನೋಡಿಕೊಳ್ಳಿ ಎಂದು ಗೀಕ್ಸ್‌ನವರು ಹೇಳುವುದು ಇದಕ್ಕೇ. ಮಾಡೆಲ್ ನಂಬರ್ ನಂಬುವ ಹಾಗಿಲ್ಲ. ದಾನಕ್ಕೆ ಬಂದ ಯಂತ್ರದಲ್ಲಂತೂ ಆರಿಸುವ ಮಾತೇ ಇಲ್ಲ.

ಕೊನೆಗೆ ಪರಿಹಾರ ಸಿಕ್ಕಿದ್ದು ನನ್ನ ಮನೆಯ ಅಟ್ಟದಲ್ಲಿ. ಹಳೆಯ ರೌಟರ್ ಒಂದು ಬಿದ್ದಿತ್ತು. ಅದನ್ನು ಕ್ಲೈಂಟ್ ಮೋಡ್‌ಗೆ ಹಾಕಿದರೆ ಕೆಳಗಿನ ವೈಫೈ ಹಿಡಿದು ತನ್ನ ನಾಲ್ಕು ಕೇಬಲ್ ಪೋರ್ಟ್‌ಗೆ ಹಂಚುತ್ತದೆ. ನಾಲ್ಕು ಪೋರ್ಟ್, ನಾಲ್ಕು ಕಂಪ್ಯೂಟರ್. ಕೇಬಲ್‌ಗೆ ಮುಕ್ತ ಚಾಲಕ ಇದ್ದೇ ಇತ್ತು. ಅರ್ಧ ಗಂಟೆಯಲ್ಲಿ ಎಲ್ಲ ಆನ್‌ಲೈನ್.

ಆದರೆ ಆ ರೌಟರ್ ಒಳಗಿನ ವೈಫೈ ಚಿಪ್‌ನಲ್ಲೂ ಮುಚ್ಚಿದ ಫರ್ಮ್‌ವೇರೇ ಇದೆ, ಅಲ್ವಾ? ಕಂಪ್ಯೂಟರ್‌ನ ಹೊಟ್ಟೆಯಲ್ಲಿದ್ದದ್ದನ್ನು ಎರಡು ಅಡಿ ಆಚೆಯ ಡಬ್ಬಿಗೆ ಸಾಗಿಸಿದೆ. ಮಡಿ ಉಳಿಯಿತು. ಮುಕ್ತ ತಂತ್ರಾಂಶದವರ ನಿಯಮವೂ ಸುಮಾರು ಹೀಗೇ ಇದೆ. ಚಿಪ್‌ನ ಒಳಗೇ ಸುಟ್ಟು ಕೂರಿಸಿದ, ಯಾರೂ ಬದಲಿಸದ ಫರ್ಮ್‌ವೇರ್ ಅನ್ನು ಯಂತ್ರದ ಭಾಗ ಎಂದು ಬಿಟ್ಟುಬಿಡುತ್ತಾರೆ. ಅದನ್ನೇ ಡಿಸ್ಕ್‌ನಿಂದ ಕೊಟ್ಟರೆ ಮೈಲಿಗೆ. ಇದಕ್ಕೂ ಒಂದು ತರ್ಕ ಇದೆ: ಬದಲಿಸಬಹುದಾದ ಜಾಗದಲ್ಲಿ ಇದ್ದರೆ, ಬದಲಿಸುವ ಹಕ್ಕು ನಮಗೂ ಇರಬೇಕು. ತರ್ಕ ನನಗೆ ಒಪ್ಪಿಗೆ. ಆದರೂ ಆ ರೌಟರ್‌ನ ಹಸಿರು ದೀಪ ನೋಡಿದಾಗ ಒಂಚೂರು ನಗು ಬರುತ್ತದೆ.

ಆಮೇಲೆ ನಡೆದದ್ದೆಲ್ಲ ಇದೇ ರೀತಿಯದು. ತೊಂದರೆ ಮಾಯ ಆಗಲಿಲ್ಲ, ಜಾಗ ಬದಲಿಸಿತು.

ಪ್ರಿಂಟರ್ ತಗೊಳ್ಳಿ. ಸಂಘದಲ್ಲಿದ್ದದ್ದು ಝೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಸಣ್ಣ ಲೇಸರ್ ಪ್ರಿಂಟರ್. ಅದಕ್ಕೆ ಸ್ವಂತ ನೆನಪಿಲ್ಲ. ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಕಂಪ್ಯೂಟರ್ ಅದಕ್ಕೆ ಫರ್ಮ್‌ವೇರ್ ತುಂಬಿಸಬೇಕು. ಆ ಫರ್ಮ್‌ವೇರ್ ಮುಚ್ಚಿದ್ದು. ಗೀಕ್ಸ್‌ನಲ್ಲಿ ಚಾಲಕ ಇದೆ, ಫರ್ಮ್‌ವೇರ್ ಇಲ್ಲ. ಗ್ನು ಯೋಜನೆ ಶುರು ಮಾಡಿದ ರಿಚರ್ಡ್ ಸ್ಟಾಲ್‌ಮನ್‌ಗೆ ಮುಕ್ತ ತಂತ್ರಾಂಶದ ಹುಚ್ಚು ಹಿಡಿದದ್ದೇ ಎಂಐಟಿಯ ಲ್ಯಾಬಿನ ಲೇಸರ್ ಪ್ರಿಂಟರ್‌ನ ಸೋರ್ಸ್‌ಕೋಡ್ ಕೊಡಲಿಲ್ಲ ಅಂತ. ನಲವತ್ತು ವರ್ಷ ಕಳೆದರೂ ನಮ್ಮ ಡೊಂಬಿವಲಿಯಲ್ಲಿ ಕಥೆ ಪ್ರಿಂಟರ್ ಹತ್ತಿರವೇ ನಿಂತಿದೆ.

ಖಜಾಂಚಿಯವರದ್ದು ಇನ್ನೊಂದು. ಲೆಕ್ಕಪತ್ರ ಸಲ್ಲಿಸಲು ಅವರ ಹತ್ತಿರ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇದೆ. ಅದರ ಜೊತೆ ಲಿನಕ್ಸ್ ಚಾಲಕವೂ ಇತ್ತು, ಮೊದಲೇ ಕಂಪೈಲ್ ಆದದ್ದು. ಓಡಿಸಿದೆ. ಉತ್ತರ: ಅಂಥ ಫೈಲೇ ಇಲ್ಲ. ಫೈಲ್ ಕಣ್ಣ ಮುಂದೆಯೇ ಇದೆ! ಗೀಕ್ಸ್ ಗೊತ್ತಿಲ್ಲದವರು ಇಲ್ಲಿ ತಲೆ ಚಚ್ಚಿಕೊಳ್ಳುತ್ತಾರೆ. ಇಲ್ಲ ಎಂದು ಅದು ಹೇಳುತ್ತಿರುವುದು ಆ ಫೈಲಿನ ಬಗ್ಗೆ ಅಲ್ಲ, ಅದನ್ನು ಎತ್ತಿ ಓಡಿಸುವ ಲೋಡರ್ ಬಗ್ಗೆ. ಮಾಮೂಲಿ ಲಿನಕ್ಸ್‌ನಲ್ಲಿ ಲೋಡರ್ ಒಂದು ನಿಗದಿಯಾದ ಜಾಗದಲ್ಲಿ ಇರುತ್ತದೆ. ಗೀಕ್ಸ್‌ನಲ್ಲಿ ಪ್ರತಿಯೊಂದೂ ಇರುವುದು ಗ್ನು ಸ್ಟೋರ್ ಎಂಬ ಒಂದೇ ಉಗ್ರಾಣದಲ್ಲಿ. ಪ್ರತಿ ಪ್ಯಾಕೇಜಿನ, ಅಂದರೆ ತಂತ್ರಾಂಶದ ಕಟ್ಟಿನ, ಹೆಸರು ಶುರುವಾಗುವ ಮೊದಲು 32 ಅಕ್ಷರದ ಹ್ಯಾಶ್, ಅಂದರೆ ಅದಕ್ಕೇ ಮೀಸಲಾದ ಗುರುತು. ಹಾಗಿದ್ದರೇ ಎರಡು ಆವೃತ್ತಿಗಳು ಜಗಳವಾಡದೆ ಪಕ್ಕಪಕ್ಕ ಇರಲು ಸಾಧ್ಯ, ಹಿಂದಿನ ಅವತಾರಕ್ಕೆ ಹೋಗಲು ಸಾಧ್ಯ. ಅದರ ಬೆಲೆಯೇ ಇದು: ಹೊರಗಿನಿಂದ ಬಂದ ಪ್ರೋಗ್ರಾಮ್‌ಗೆ ಇಲ್ಲಿ ಮನೆಯ ವಿಳಾಸ ಸಿಗುವುದಿಲ್ಲ. ಮಾಮೂಲಿ ಲಿನಕ್ಸ್‌ನ ವೇಷ ಹಾಕಿದ ಕಂಟೇನರ್ ಒಳಗೆ ಓಡಿಸುವ ಸೌಲಭ್ಯ ಗೀಕ್ಸ್‌ನಲ್ಲಿದೆ. ಎರಡು ಸಂಜೆ ಅದರ ಹಿಂದೆ ಬಿದ್ದೆ. ಚಾಲಕ ಎದ್ದಿತು, ಬ್ರೌಸರ್ ಮತ್ತು ಟೋಕನ್ ಮಾತಾಡಲಿಲ್ಲ. ಬಿಟ್ಟೆ.

ನಾಲ್ಕನೇ ಕಂಪ್ಯೂಟರ್‌ಗೆ ಡೆಬಿಯನ್ ಹಾಕಿದೆ. ಟೋಕನ್ ಅದಕ್ಕೆ, ಪ್ರಿಂಟರ್ ಅದಕ್ಕೆ. ಉಳಿದ ಮೂರೂ ಗೀಕ್ಸ್ ಯಂತ್ರಗಳು ನೆಟ್‌ವರ್ಕ್ ಮೂಲಕ ಅದರ ಪ್ರಿಂಟರ್‌ಗೇ ಕಳಿಸುತ್ತವೆ. ಮೂರು ಜನ ಮಡಿಯಲ್ಲಿ, ಒಬ್ಬ ಮೈಲಿಗೆ ಹೊತ್ತುಕೊಂಡು ಬಾಗಿಲಲ್ಲಿ.

ನಾನ್‌ಗೀಕ್ಸ್ ಎಂಬ ಹೊರಗಿನ ಚಾನೆಲ್ (ಪ್ಯಾಕೇಜ್‌ಗಳನ್ನು ತರುವ ಮೂಲ) ಇದೆಯಲ್ಲ, ಅದನ್ನು ಯಾಕೆ ಸೇರಿಸಲಿಲ್ಲ ಎಂದು ತಿಳಿದವರು ಕೇಳಬಹುದು. ಅದರಲ್ಲಿ ಮಾಮೂಲಿ ಕರ್ನಲ್, ಫರ್ಮ್‌ವೇರ್ ಎಲ್ಲ ಸಿಗುತ್ತದೆ. ಗೀಕ್ಸ್ ಯೋಜನೆಗೂ ಅದಕ್ಕೂ ಸಂಬಂಧವಿಲ್ಲ, ಅವರ ಅಂಗಳದಲ್ಲಿ ಅದರ ಮಾತೆತ್ತುವ ಹಾಗೂ ಇಲ್ಲ. ನನ್ನ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಅದೇ ಓಡುತ್ತಿದೆ, ಮುಚ್ಚಿಡುವುದೇನೂ ಇಲ್ಲ. ಇಲ್ಲಿ ರೌಟರ್ ಬಂದ ಮೇಲೆ ಅಗತ್ಯ ಬೀಳಲಿಲ್ಲ.

ಇನ್ನು ಡೌನ್‌ಲೋಡ್ ವಿಷಯ. ಗೀಕ್ಸ್ ಹೊಸದಾಗಬೇಕಾದರೆ ಮೊದಲು ಪುಲ್ ಎಂಬ ಆಜ್ಞೆ ಕೊಡಬೇಕು. ಅದು ಬರೀ ಪಟ್ಟಿ ತರುವುದಿಲ್ಲ, ಗೀಕ್ಸ್ ಅನ್ನೇ ಮತ್ತೆ ಕಟ್ಟುತ್ತದೆ. 1.4.0ರಿಂದ ಮೊದಲ ಸಲ ಪುಲ್ ಮಾಡಿದಾಗ ಚಹಾ ಕುಡಿದು ಬಂದೆ, ವಡಾಪಾವ್ ತಿಂದು ಬಂದೆ, ಇನ್ನೂ ನಡೆಯುತ್ತಲೇ ಇತ್ತು. ಆಮೇಲೆ ಪ್ಯಾಕೇಜ್‌ಗಳು. ಸಿದ್ಧ ಪ್ಯಾಕೇಜ್ ಕೊಡುವ ಸರ್ವರ್‌ಗಳು ಎರಡು, ಬರ್ಲಿನ್‌ದೊಂದು, ಬೋರ್ಡೋದೊಂದು. ನಮಗೆ ಎರಡೂ ದೂರ. ಅಲ್ಲಿ ಒಂದು ಪ್ಯಾಕೇಜ್ ಇನ್ನೂ ಸಿದ್ಧವಾಗಿಲ್ಲ ಅಂದರೆ ಗೀಕ್ಸ್ ಬೇಜಾರು ಮಾಡಿಕೊಳ್ಳುವುದಿಲ್ಲ, ಇಲ್ಲೇ ಸೋರ್ಸ್‌ನಿಂದ ಕಟ್ಟಲು ಕೂರುತ್ತದೆ. ಒಂದು ರಾತ್ರಿ ನಮ್ಮ 4 ಜಿಬಿ ಯಂತ್ರ ವೆಬ್‌ಕಿಟ್ ಎಂಬ ಬ್ರೌಸರ್ ಎಂಜಿನ್ ಕಟ್ಟಲು ಕೂತಿತು. ಬೆಳಿಗ್ಗೆ ಬಂದು ನೋಡಿದರೆ ರ‍್ಯಾಮ್ ತುಂಬಿ ಮಲಗಿತ್ತು. ಇಡ್ಲಿ ಕೇಳಿದರೆ ಅಕ್ಕಿ ನೆನೆಸಲು ಶುರು ಮಾಡುವ ಹೋಟೆಲ್ ಇದು.

ಇದಕ್ಕೆ ಎರಡು ಉಪಾಯ ಕೈ ಹಿಡಿದವು. ಒಂದು, ವೆದರ್ ಎಂಬ ಆಜ್ಞೆ. ನಮಗೆ ಬೇಕಾದ್ದರಲ್ಲಿ ಎಷ್ಟು ಸಿದ್ಧವಾಗಿ ಸಿಗುತ್ತದೆ ಎಂದು ಅದು ಹವಾಮಾನ ವರದಿಯ ಹಾಗೆ ಹೇಳುತ್ತದೆ. ವಾತಾವರಣ ತಿಳಿಯಾಗಿದ್ದ ದಿನದ ಕಮಿಟ್ ಅನ್ನು, ಅಂದರೆ ಸೋರ್ಸ್‌ನ ಆ ಹಂತದ ಗುರುತನ್ನು, ಚಾನೆಲ್ ಫೈಲಿನಲ್ಲಿ ಬರೆದು ಮೊಳೆ ಹೊಡೆದೆ. ಮೂರೂ ಯಂತ್ರ ಅದೇ ಕಮಿಟ್‌ನಲ್ಲಿ ನಿಲ್ಲುತ್ತವೆ. ಎರಡು, ಪಬ್ಲಿಷ್. ಮೊದಲ ಯಂತ್ರ ಒಂದೇ ಬರ್ಲಿನ್‌ಗೆ ಹೋಗಿ ತರುತ್ತದೆ, ತಂದದ್ದನ್ನು ಕೋಣೆಯೊಳಗೇ ಉಳಿದ ಎರಡಕ್ಕೆ ಬಡಿಸುತ್ತದೆ. ಅದರ ಸಹಿಯ ಕೀಯನ್ನು ನಂಬಿ ಎಂದು ಫೈಲಿನಲ್ಲಿ ಬರೆದರೆ ಸಾಕು. ಈ ಭಾಗ ನಿಜಕ್ಕೂ ಚೆನ್ನಾಗಿದೆ.

ಈಗ ಆಗಸ್ಟ್‌ನ ಘಟನೆಗೆ ಬರುತ್ತೇನೆ.

ಮಕ್ಕಳು ಕನ್ನಡ ಟೈಪ್ ಮಾಡಲು ಕಗಪ ಕೀಲಿಮಣೆ ಹಾಕಿದ್ದೆ. ಕೆ ಒತ್ತಿದರೆ ಕ ಬರುವ, ಕನ್ನಡ ಗಣಕ ಪರಿಷತ್ತಿನ ಲೇಔಟ್. ಗೀಕ್ಸ್ ಫೈಲಿನಲ್ಲಿ ಅದು ಒಂದೇ ಸಾಲು. ಮೊದಲು ಅಮೆರಿಕ (ಇಂಗ್ಲಿಷ್), ಆಮೇಲೆ ಭಾರತ (ಕನ್ನಡ). ಆಲ್ಟ್ ಶಿಫ್ಟ್ ಒತ್ತಿದರೆ ಬದಲಾಗುತ್ತದೆ. ಮಕ್ಕಳು ಪ್ರತಿ ಸಲ ಬದಲಿಸಲು ಮರೆತು, ಇಂಗ್ಲಿಷ್ ಬರ‍್ತಿದೆ ಅಂಕಲ್ ಎಂದು ಕೂಗುತ್ತಿದ್ದರು. ಅದಕ್ಕೆ ಶುಕ್ರವಾರ ರಾತ್ರಿ ಆ ಸಾಲು ತಿರುಗಿಸಿದೆ: ಮೊದಲು ಭಾರತ, ಆಮೇಲೆ ಅಮೆರಿಕ. ಡಿಪ್ಲಾಯ್ ಆಜ್ಞೆ ಕೊಟ್ಟು ಮೂರೂ ಯಂತ್ರಕ್ಕೆ ಒಟ್ಟಿಗೆ ಕಳಿಸಿದೆ. ತಪ್ಪಿಲ್ಲದೆ ಮುಗಿಯಿತು. ಶನಿವಾರ ಅಷ್ಟಮಿಗೆ ಊರಿಗೆ ರೈಲು ಹತ್ತಿದೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಉಡುಪಿಯಲ್ಲಿ ಫೋನ್.

"ಪಾಸ್‌ವರ್ಡ್ ಒಪ್ಪುದಿಲ್ಲ ಮಾರಾಯ. ಮೂರರಲ್ಲೂ. ಮಕ್ಕಳು ಬಂದು ಕೂತಿದ್ದಾರೆ."

"ಕ್ಯಾಪ್ಸ್ ಲಾಕ್ ಆಗಿದೆಯಾ ನೋಡಿ ಅಕ್ಕ."

"ಇಲ್ಲ. ನಾನು ಒಂದೊಂದೇ ಒತ್ತಿ ಹಾಕಿದ್ದು. ಚುಕ್ಕೆ ಬರ‍್ತದೆ, ಮತ್ತೆ ತಪ್ಪು ಅಂತ ಹೇಳ್ತದೆ."

ಚುಕ್ಕೆ! ಆ ಚುಕ್ಕೆಗಳ ಹಿಂದೆ ಕನ್ನಡ ಅಕ್ಷರಗಳು ಕೂತಿದ್ದವು. ಆಗ ನನಗೆ ಹೊಳೆಯಲಿಲ್ಲ. ಸುತ್ತ ನೆಂಟರು, ಒಳಗೆ ಚಕ್ಕುಲಿ ಕರಿಯುವ ಗಲಾಟೆ. ಏನೋ ಶುಕ್ರವಾರದ ಬದಲಾವಣೆಯದ್ದೇ ಕಿತಾಪತಿ ಅಂತ ಮಾತ್ರ ಗೊತ್ತಿತ್ತು. ಹಾಗಾಗಿ ಕಾರಣ ಹುಡುಕದೆ ಹಿಂದೆ ಹೋಗಲು ಹೇಳಿದೆ.

"ಅಕ್ಕ, ಆಫ್ ಮಾಡಿ ಆನ್ ಮಾಡಿ. ಒಂದು ಪಟ್ಟಿ ಬರುತ್ತೆ, ಐದೇ ಸೆಕೆಂಡ್ ಇರುತ್ತೆ. ಬಾಣದ ಕೀ ಕೆಳಗಿನದ್ದು ಒತ್ತಿ."

"ಒತ್ತಿದೆ. ಓಲ್ಡ್ ಅಂತ ಎಂತದೋ ಉಂಟು."

"ಅದೇ. ಎಂಟರ್. ಈಗ ತಾರೀಕು ಹಾಕಿದ ಪಟ್ಟಿ ಬಂತಾ? ಶುಕ್ರವಾರಕ್ಕಿಂತ ಹಿಂದಿನದ್ದು ಒತ್ತಿ."

ಒಂದು ನಿಮಿಷ ಏನೂ ಸದ್ದಿಲ್ಲ. ಆಮೇಲೆ, "ಹಾಂ, ಬಂತು. ಒಪ್ಪಿತು."

ಕಂಪ್ಯೂಟರ್ ಅಂದರೆ ದೂರ ನಿಲ್ಲುವ ಹೆಂಗಸು, ನೂರಾರು ಕಿಲೋಮೀಟರ್ ದೂರದಿಂದ ಫೋನಿನಲ್ಲಿ ಕೇಳಿಕೊಂಡು, ಮೂರು ಯಂತ್ರಗಳ ಇಡೀ ವ್ಯವಸ್ಥೆಯನ್ನು ಎರಡು ದಿನ ಹಿಂದಕ್ಕೆ ತಳ್ಳಿದರು. ಮಕ್ಕಳ ಕ್ಲಾಸು ಅರ್ಧ ಗಂಟೆ ತಡವಾಗಿ ಶುರುವಾಯಿತು. ಗೀಕ್ಸ್ ಬೇಡ ಅನ್ನುವವರಿಗೆ ನಾನು ಇಂದಿಗೂ ಈ ಕಥೆಯನ್ನೇ ಹೇಳುತ್ತೇನೆ.

ಪೂರ್ತಿ ಹೇಳುವುದಾದರೆ ಸೋಮವಾರವೂ ಫೋನ್ ಬಂತು. ಪಟ್ಟಿಯಲ್ಲಿ ಹಳೆಯದನ್ನು ಆರಿಸಿದರೆ ಅದು ಆ ಒಂದು ಸಲಕ್ಕೆ ಮಾತ್ರ. ಕಾಯಂ ಆಗಿ ಹಿಂದೆ ಹೋಗಬೇಕಾದರೆ ಒಳಗಿನಿಂದ ರೋಲ್‌ಬ್ಯಾಕ್ ಆಜ್ಞೆ ಕೊಡಬೇಕು, ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕು, ಅದು ನನ್ನ ತಲೆಯಲ್ಲಿ ಮಾತ್ರ ಇತ್ತು. ಮಾರನೇ ದಿನ ಆನ್ ಮಾಡಿದಾಗ ಯಂತ್ರ ಮತ್ತೆ ಹೊಸ ಅವತಾರಕ್ಕೇ ಏರಿತು. ಅಕ್ಕ ಬೇಸರ ಮಾಡಿಕೊಳ್ಳಲಿಲ್ಲ. ಹಳೇ ಕ್ಯಾಲೆಂಡರ್ ಹಾಳೆ ಹರಿದು ಮೂರು ಚೀಟಿ ಬರೆದು ಮಾನಿಟರ್‌ಗೆ ಅಂಟಿಸಿದರು: "ಕೆಳಗಿನ ಬಾಣ. ಎಂಟರ್. ಎರಡನೇದ್ದು. ಎಂಟರ್. ಬೇಗ ಒತ್ತಬೇಕು." ಹತ್ತು ದಿನ ಆ ಚೀಟಿಯ ಮೇಲೆಯೇ ವಾಚನಾಲಯ ನಡೆಯಿತು.

ನಾನು ಬಂದು ನೋಡಿದ ಮೇಲೆ ಒಂದು ಸಾಲಿನ ತಪ್ಪು ತಿಳಿಯಿತು, ಐದು ನಿಮಿಷದಲ್ಲಿ ಸರಿಯಾಯಿತು. ಶುಕ್ರವಾರ ನಾನು ಲಾಗೌಟ್ ಮಾಡಿ ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಒಂದೇ ಫೈಲಿನಿಂದ ಎಲ್ಲವನ್ನೂ ನಡೆಸುವುದರ ಇನ್ನೊಂದು ಮುಖ ಇದು. ಕೈಯಲ್ಲಿ ಒಂದೊಂದಾಗಿ ಮಾಡಿದ್ದರೆ ಒಂದು ಯಂತ್ರ ಕೆಡುತ್ತಿತ್ತು. ನಾನು ಮೂರನ್ನೂ ಒಂದೇ ಏಟಿಗೆ, ಅಚ್ಚುಕಟ್ಟಾಗಿ, ಒಂದೇ ರೀತಿ ಕೆಡಿಸಿದೆ. ಈಗ ಬದಲಾವಣೆ ಏನಿದ್ದರೂ ಮೊದಲು ಕಿಟಕಿ ಪಕ್ಕದ ಯಂತ್ರಕ್ಕೆ. ಒಂದು ಭಾನುವಾರ ದಾಟಿದ ಮೇಲೆ ಉಳಿದವಕ್ಕೆ.

ಆ ತಿಂಗಳ ಮೀಟಿಂಗ್‌ನಲ್ಲಿ ಕಾರ್ಯದರ್ಶಿಯವರು ಕೇಳಿದರು, "ನೀನು ನಾಳೆ ಗಲ್ಫಿಗೆ ಹೋದ್ರೆ ಇದನ್ನು ನೋಡುವವರು ಯಾರು?"

"ಎಲ್ಲ ಫೈಲಿನಲ್ಲಿ ಬರೆದಿದೆ ಅಣ್ಣ. ತೆರೆದೇ ಇದೆ. ಯಾರು ಬೇಕಾದರೂ ಓದಬಹುದು."

"ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಫೈಲ್ ಇರುವುದು ಸ್ಕೀಮ್ ಎಂಬ ಭಾಷೆಯಲ್ಲಿ, ಎಲ್ಲ ಕಡೆ ಆವರಣ ಚಿಹ್ನೆ. ರಸ್ತೆಯ ಮೂಲೆಯ ರಿಪೇರಿ ಹುಡುಗನಿಗೆ ವಿಂಡೋಸ್ ಗೊತ್ತು, ಉಬುಂಟು ಅಂದರೂ ಹೇಗೋ ಸಂಭಾಳಿಸುತ್ತಾನೆ. ಇದನ್ನು ತೋರಿಸಿದರೆ ಕೈ ಮುಗಿಯುತ್ತಾನೆ. ಯಾವ ಕಂಪನಿಯ ಕೈಗೂ ಸಿಕ್ಕಬಾರದು ಎಂದು ಹೊರಟು ಸಂಘವನ್ನು ನನ್ನ ಕೈಗೆ ಕಟ್ಟಿಹಾಕಿದ್ದೆ. ವೈಫೈ ರೌಟರ್‌ಗೆ ಹೋಯಿತು, ಪ್ರಿಂಟರ್ ಡೆಬಿಯನ್‌ಗೆ ಹೋಯಿತು, ಉಳಿದ ಭಾರವೆಲ್ಲ ನನ್ನ ತಲೆಗೆ ಬಂತು. ಪುಣ್ಯಕ್ಕೆ ಕಾರ್ಯದರ್ಶಿಯವರು ಮುಂದಿನ ವಿಷಯಕ್ಕೆ ಹೋದರು, ಗಣೇಶೋತ್ಸವದ ಪ್ರಸಾದ.

ಅಂದೇ ರಾತ್ರಿ ಕೂತು ಫೈಲಿನ ಪ್ರತಿ ಭಾಗದ ಮೇಲೆ ಕನ್ನಡದಲ್ಲಿ ಟಿಪ್ಪಣಿ ಬರೆದೆ. ಸ್ಕೀಮ್‌ನಲ್ಲಿ ಅರ್ಧವಿರಾಮ ಹಾಕಿ ಬರೆದದ್ದನ್ನು ಯಂತ್ರ ಓದುವುದಿಲ್ಲ, ಮನುಷ್ಯರಿಗೆ ಮಾತ್ರ. "ಇಲ್ಲಿಂದ ಫಾಂಟ್‌ಗಳು." "ಎಚ್ಚರ: ಈ ಸಾಲಿನ ಕ್ರಮ ಬದಲಿಸಿದರೆ ಪಾಸ್‌ವರ್ಡ್ ಕನ್ನಡದಲ್ಲಿ ಹೋಗುತ್ತದೆ." ಅಡ್ಮಿನ್ ಪಾಸ್‌ವರ್ಡ್ ಬರೆದು ಲಕೋಟೆಯಲ್ಲಿ ಹಾಕಿ ಅಕ್ಕನ ಬೀರುವಿನಲ್ಲಿಟ್ಟೆ.

ಭಾನುವಾರದ ಕ್ಲಾಸಿಗೆ ತಮ್ಮನನ್ನು ಕರೆದುಕೊಂಡು ಬರುವ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಾಳೆ. ಕ್ಲಾಸು ಮುಗಿಯುವ ತನಕ ಸುಮ್ನೆ ಕೂತು ಬೇಜಾರಾಗಿ ಆ ಫೈಲ್ ತೆರೆದು ಓದಿದಳು. ಕೋಡ್ ಅಲ್ಲ, ಟಿಪ್ಪಣಿ. ಸಣ್ಣ ಮಕ್ಕಳಿಗೆ ಜಿಕಾಂಪ್ರಿ ಆಟಗಳನ್ನು ಹಾಕಬಹುದಾ ಅಂಕಲ್ ಎಂದು ಕೇಳಿದಳು. ನೀನೇ ಹಾಕು ಎಂದೆ. ಪಟ್ಟಿಯಲ್ಲಿ ಹೆಸರು ಸೇರಿಸಿ ರೀಕಾನ್ಫಿಗರ್ ಕೊಟ್ಟಳು. ಕೆಂಪು ಅಕ್ಷರದಲ್ಲಿ ತಪ್ಪು ಬಂತು: ಈ ಹೆಸರು ನನಗೆ ಗೊತ್ತಿಲ್ಲ. ಕೆಳಗೆ ಒಂದು ಸುಳಿವೂ ಇತ್ತು: ಎಜುಕೇಶನ್ ಮಾಡ್ಯೂಲ್ ಸೇರಿಸಲು ಮರೆತಿರಾ? ಅವಳು ಸುಳಿವಿನ ಸಾಲನ್ನು ಮೇಲೆ ಸೇರಿಸಿದಳು. ಈಗ ಇನ್ನೊಂದು ತಪ್ಪು, ಆವರಣ ಮುಚ್ಚಿಲ್ಲ. ಪೆನ್ಸಿಲ್ ತುದಿಯನ್ನು ಪರದೆಗೆ ತಾಗಿಸಿ ತೆರೆದದ್ದು, ಮುಚ್ಚಿದ್ದು ಎಣಿಸಿದಳು. ಹನ್ನೊಂದು, ಹತ್ತು. ಸಿಕ್ಕಿತು. ಗೀಕ್ಸ್‌ನ ತಪ್ಪು ಸಂದೇಶಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಅವಳು ಓದಿದ ಹಾಗೆ ನಾನು ಓದಿಯೇ ಇರಲಿಲ್ಲ ಅನ್ನಿಸುತ್ತದೆ, ಬೈದುಕೊಂಡು ಮುಚ್ಚುತ್ತಿದ್ದೆ.

ಹಳೆಯ ಸ್ಮರಣ ಸಂಚಿಕೆಗಳ ಕೆಲಸವೂ ಈಗ ಅವಳದ್ದೇ. ಅವೆಲ್ಲ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಆದವು. ಇಲ್ಲಿ ತೆರೆದರೆ ಟೊಪ್ಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. ಆ ಫಾಂಟ್ ಅನ್ನು ಮನೆಯ ಫೋಲ್ಡರ್‌ಗೆ ಹಾಕಿಕೊಂಡರೆ ಗೀಕ್ಸ್ ಏನೂ ಅನ್ನುವುದಿಲ್ಲ. ಅದು ತಾನಾಗಿ ಕೊಡುವುದಿಲ್ಲ, ನೀವು ತಂದರೆ ತಡೆಯುವುದೂ ಇಲ್ಲ. ಈ ವ್ಯತ್ಯಾಸ ಬಹಳ ಜನಕ್ಕೆ ಗೊತ್ತಿಲ್ಲ. ನಾವು ಯೂನಿಕೋಡ್‌ಗೇ ಬದಲಿಸಿಕೊಳ್ಳುತ್ತಿದ್ದೇವೆ, ಮುಕ್ತವಾಗಿ ಸಿಗುವ ಪೈಥಾನ್ ಸ್ಕ್ರಿಪ್ಟ್‌ನಿಂದ. ಅರ್ಕಾವತ್ತು ಮಾತ್ರ ಅಲ್ಲಲ್ಲಿ ತಪ್ಪು ಜಾಗಕ್ಕೆ ಹಾರುತ್ತದೆ. ಕಣ್ಣಲ್ಲಿ ನೋಡಿ ತಿದ್ದಬೇಕು, ಅದು ಅಕ್ಕನ ಪಾಲು.

ಡಿಸ್ಕ್ ಬಗ್ಗೆ ಒಂದು ಮಾತು. ಹಳೆಯ ಅವತಾರಗಳು ಉಗ್ರಾಣದಲ್ಲಿ ಉಳಿಯುವುದರಿಂದ 120 ಜಿಬಿ ಅಂದುಕೊಂಡದ್ದಕ್ಕಿಂತ ಬೇಗ ತುಂಬುತ್ತದೆ. ಹಳೆಯ ಅವತಾರಗಳನ್ನು ಮೊದಲು ಅಳಿಸದೆ ಬರೀ ಕಸ ಗುಡಿಸುವ ಆಜ್ಞೆ ಕೊಟ್ಟರೆ ಹೆಚ್ಚೇನೂ ಖಾಲಿಯಾಗುವುದಿಲ್ಲ. ನಾವು ಕೊನೆಯ ನಾಲ್ಕನ್ನು ಮಾತ್ರ ಇಟ್ಟುಕೊಳ್ಳುತ್ತೇವೆ.

2025ರಲ್ಲಿ ಗೀಕ್ಸ್‌ನ ಸೋರ್ಸ್‌ಕೋಡ್ ಸವನ್ನಾ ಎಂಬ ತಾಣದಿಂದ ಕೋಡ್‌ಬರ್ಗ್ ಎಂಬ ತಾಣಕ್ಕೆ ಮನೆ ಬದಲಿಸಿತು. ನಮ್ಮ ಚಾನೆಲ್ ಫೈಲಿನಲ್ಲಿ ಹಳೆಯ ವಿಳಾಸವೇ ಇತ್ತು, ನನಗೆ ನೆನಪೂ ಇರಲಿಲ್ಲ. ದೀಪಾವಳಿ ರಜೆಯಲ್ಲಿ ಹುಡುಗಿ ಮೆಸೇಜ್ ಮಾಡಿದಳು: "ಅಂಕಲ್, ಅಡ್ರೆಸ್ ಚೇಂಜ್ ಮಾಡಿದ್ದೇನೆ. ಕಿಟಕಿ ಹತ್ತಿರದ್ದಕ್ಕೆ ಮಾತ್ರ. ಲಾಗೌಟ್ ಮಾಡಿ ನೋಡಿದೆ." ಜೊತೆಗೆ ಒಂದು ಫೋಟೋ. ಪರದೆಯಲ್ಲಿ ಪುಲ್ ಇನ್ನೂ ಓಡುತ್ತಿದೆ, ಮಾನಿಟರ್‌ನ ಅಂಚಿನಲ್ಲಿ ಅಕ್ಕನ ಚೀಟಿ ಹಾಗೇ ಇದೆ, ಟೇಪ್ ಹಳದಿಯಾಗಿದೆ.